ಬಾಯಿಲ್ಲದ ಕಂಡಕ್ಟರ್

1997 ನವೆಂಬರ್ 9, ಭಾನುವಾರ. ಡೊಂಬಿವಲಿ

ಡಾಕ್ಟರು ಮಾತಾಡಬೇಡಿ ಎಂದಿದ್ದಾರೆ. ಪಿಸುಗುಟ್ಟುವುದೂ ಬೇಡವಂತೆ, ಅದರಿಂದ ಗಂಟಲಿಗೆ ಇನ್ನೂ ಜಾಸ್ತಿ ಆಯಾಸವಂತೆ. ಬರೆಯಬೇಡಿ ಎಂದು ಮಾತ್ರ ಹೇಳಿಲ್ಲ. ಸಂಪತ್ ತನ್ನ ಆಫೀಸಿನಲ್ಲಿ ಖಾಲಿ ಬಿದ್ದಿದ್ದ ಡೈರಿಯೊಂದನ್ನು ತಂದುಕೊಟ್ಟ. ಜೊತೆಗೆ ಮಕ್ಕಳ ಸ್ಲೇಟು ಮತ್ತು ಬಳಪ. ಸ್ಲೇಟು ಎಲ್ಲರಿಗೆ, ಇದು ನನಗೆ.

ಸಂಪತ್ ನನ್ನ ಅಣ್ಣನ ಮಗ. ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಹೆಂಡತಿ ಕೋಣೆಯನ್ನು ನಮಗೆ ಬಿಟ್ಟು ಅಡುಗೆಮನೆಯಲ್ಲಿ ಹಾಸಿಕೊಂಡಿದ್ದಾರೆ. ಬೇಡವೆಂದು ಸ್ಲೇಟಿನ ಮೇಲೆ ಬರೆದೆ. ಅವನ ಹೆಂಡತಿ ವೈಜಯಂತಾ ಅದನ್ನು ಓದಿ, ಒರೆಸಿ, ಹಾಸಿಗೆ ಹಾಸಿದಳು.

ನಾಳೆಯಿಂದ ಆರು ವಾರ ಪರೇಲಿನ ಆಸ್ಪತ್ರೆಗೆ ದಿನವೂ ಹೋಗಿ ಬರಬೇಕು. ಶನಿವಾರ ಭಾನುವಾರ ರಜೆ. ಧ್ವನಿಪೆಟ್ಟಿಗೆಯಲ್ಲಿ ಗಂಟು, ಕಿರಣ ಹಾಯಿಸಿ ಸುಡುತ್ತಾರೆ. ಸಂಪತ್ ಕಾಗದದ ಮೇಲೆ ರೈಲು ದಾರಿ ಬರೆದು ತೋರಿಸುತ್ತಿದ್ದ. ನಾನು ಕೈ ಅಡ್ಡ ಹಿಡಿದೆ. ಬಸ್ ನೌಕರರ ಸಂಘದ ಮೋರ್ಚಾ ನಡೆದಾಗ ಈ ಮುಂಬಯಿಗೆ ಬಂದು ಮೂರು ದಿನ ಓಡಾಡಿದವನು ನಾನು. ಪಾಟಣದಿಂದ ಕರಾಡಕ್ಕೆ, ಕರಾಡದಿಂದ ಚಿಪಳೂಣಕ್ಕೆ ಘಾಟಿ ಹತ್ತಿಸಿ ಇಳಿಸಿ ಎಷ್ಟು ಲಕ್ಷ ಜನರನ್ನು ಅವರವರ ಊರಿಗೆ ಮುಟ್ಟಿಸಿದ್ದೇನೋ. ನನಗೇ ದಾರಿ ಹೇಳಿಕೊಡುತ್ತಾನೆ ಈ ಹುಡುಗ.

ನನಗಿರುವ ಚಿಂತೆ ಶಾಲನಳದು. ಅವಳು ಜನ್ಮದಲ್ಲಿ ಒಂದು ಟಿಕೆಟ್ ತೆಗೆದವಳಲ್ಲ. ಕಂಡಕ್ಟರನ ಹೆಂಡತಿ, ಪಾಸು ಇತ್ತು. ಬಾಗಿಲ ಹತ್ತಿರದ ಸೀಟಿನಲ್ಲಿ ನಾನು ಕೂರಿಸುತ್ತಿದ್ದೆ, ನಾನು ಇಳಿ ಎಂದಾಗ ಇಳಿಯುತ್ತಿದ್ದಳು. ಈ ಜನಜಂಗುಳಿಯಲ್ಲಿ ಅವಳನ್ನು ಕಾಯುವುದೇ ಆರು ವಾರದ ಕೆಲಸವಾಗುತ್ತದೆ. ಊರಲ್ಲೇ ಇರು, ಸಂಪತ್ ಇದ್ದಾನೆ ಎಂದು ಬರೆದು ತೋರಿಸಿದ್ದೆ. ಕೇಳಲಿಲ್ಲ.

ನವೆಂಬರ್ 10, ಸೋಮವಾರ

ಸಂಪತ್ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದ. ಪ್ಲಾಟ್‌ಫಾರ್ಮಿನ ಮೇಲೆ ಜನ ನಿಂತಿದ್ದ ರೀತಿ ನೋಡಿ ಮೊದಲು ನನಗೆ ಖುಷಿಯೇ ಆಯಿತು. ಒಬ್ಬರ ಹಿಂದೆ ಒಬ್ಬರು, ಎಲ್ಲಿ ಬಾಗಿಲು ಬರುತ್ತದೋ ಅಲ್ಲೇ. ಶಿಸ್ತಿನ ಜನ ಅಂದುಕೊಂಡೆ. ಗಾಡಿ ಇನ್ನೂ ನಿಂತಿರಲಿಲ್ಲ, ಆ ಶಿಸ್ತು ಎಲ್ಲಿ ಹೋಯಿತೋ. ನಾನು ಹತ್ತಲಿಲ್ಲ, ಹತ್ತಿಸಲ್ಪಟ್ಟೆ. ಠಾಣೆಯ ತನಕ ನನ್ನ ಎಡಗಾಲು ನೆಲ ಮುಟ್ಟಲಿಲ್ಲ. ನನ್ನ ಬಸ್ಸಿನಲ್ಲಿ ಇದರ ಕಾಲು ಭಾಗ ಜನ ಆದರೂ ಗಂಟೆ ಹೊಡೆಯದೆ ನಿಲ್ಲಿಸಿ, ಇಳೀರಿ ಕೆಳಗೆ ಅನ್ನುತ್ತಿದ್ದೆ.

ಶಾಲನಳನ್ನು ಹೆಂಗಸರ ಡಬ್ಬಿಗೆ ಹತ್ತಿಸಿದೆವು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿಲ್ಲ. ದಾದರಿನಲ್ಲಿ ಇಳಿದು ನೋಡಿದರೆ ಅವಳಿಲ್ಲ. ಎಲ್ಲರೂ ಹೋದ ಮೇಲೆ ಕಂಬದ ಹಿಂದಿನಿಂದ ಬಂದಳು. ಮುಡಿ ಬಿಚ್ಚಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಇಳಿಯುವುದು ಹೇಗೆ ಅಂತ ಯೋಚಿಸುವಷ್ಟರಲ್ಲಿ ಹೆಂಗಸರೇ ಇಳಿಸಿಬಿಟ್ಟರಂತೆ. ಹೇಳುತ್ತಾ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಬೈಯಲು ಬಾಯಿಲ್ಲ. ಸ್ಲೇಟಿನಲ್ಲಿ ಬರೆದು ಬೈಯುವುದರಲ್ಲಿ ಏನು ಸ್ವಾರಸ್ಯ? ಬಳಪ ಒರೆಯುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ.

ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಒಂದೇ ನಿಲ್ದಾಣ, ಪರೇಲ್. ಆಸ್ಪತ್ರೆಯಲ್ಲಿ ಕತ್ತಿನ ಮೇಲೆ ನೇರಳೆ ಶಾಯಿಯಿಂದ ಗೆರೆ ಎಳೆದರು. ನೋವೇನೂ ಆಗಲಿಲ್ಲ. ಪ್ರಯಾಣಕ್ಕಿಂತ ಅದೇ ಸುಖ.

ನವೆಂಬರ್ 12, ಬುಧವಾರ

ಇವತ್ತು ನಾವಿಬ್ಬರೇ. ಹೋಗುವುದು ಸರಿಯಾಗಿಯೇ ಆಯಿತು. ಬರುವಾಗ ದಾದರಿನಲ್ಲಿ ಮೇಲ್ಸೇತುವೆ ಹತ್ತಿ ಇಳಿದೆವು. ಅಲ್ಲಿ ಫಲಕಗಳನ್ನು ಸರಿಯಾದ ಜಾಗದಲ್ಲಿ ಹಾಕಿಲ್ಲ. ಶಾಲನ್ ಯಾರನ್ನಾದರೂ ಕೇಳುತ್ತೇನೆ ಎಂದಳು. ಗಾಡಿ ಬಂದೇಬಿಟ್ಟಿತ್ತು, ಅವಳನ್ನು ಹೆಂಗಸರ ಡಬ್ಬಿಗೆ ದೂಡಿ ನಾನು ಪಕ್ಕದ್ದಕ್ಕೆ ಹತ್ತಿದೆ.

ಅದು ಪಶ್ಚಿಮ ರೈಲ್ವೆಯ ಗಾಡಿ. ಹೊರಟಿದ್ದು ವಿರಾರ್ ಕಡೆಗೆ, ನಮಗೆ ಬೇಕಾದದ್ದು ಕಲ್ಯಾಣ ಕಡೆ.

ಮುಂದಿನ ನಿಲ್ದಾಣದಲ್ಲಿ ಯಾರೋ ನನ್ನ ಅಂಗಿ ಹಿಡಿದು ಎಳೆದರು. ನೋಡಿದರೆ ಶಾಲನ್. ಡಬ್ಬಿಯ ಹೆಂಗಸರು ಇದು ತಪ್ಪು ಗಾಡಿ ಎಂದು ಹೇಳಿದ ಕೂಡಲೇ ಇಳಿದು, ಓಡಿ, ಗಂಡಸರ ಮಧ್ಯೆ ನುಗ್ಗಿ ಬಂದಿದ್ದಳು. ಗಾಡಿ ಮತ್ತೆ ಹೊರಟಿತು. ಬಾಂದ್ರಾದ ತನಕ ಅವಳು ಆ ಗಂಡಸರ ಎದೆ ಬೆನ್ನುಗಳ ನಡುವೆ ಸೆರಗು ಬಿಗಿಹಿಡಿದು ನಿಂತಳು. ಹೀಗೆಲ್ಲ ಓಡಬೇಡ, ಕಾಲು ಜಾರಿದ್ದರೆ ಏನು ಗತಿ ಎಂದು ಬರೆದೆ. ಅವಳು ಓದಿದಳು, ನಾಲ್ಕನೇ ಇಯತ್ತೆಯವರೆಗೆ ಕಲಿತಿದ್ದಾಳೆ, ನಿಧಾನ.

"ನಾ ಓಡದಿದ್ರ ನೀವು ವಿರಾರಕ್ಕ ಹೋಗಿ ಯಾರನ್ನ ಕೇಳ್ತಿದ್ರಿ?" ಎಂದಳು.

ತಪ್ಪು ಫಲಕದ್ದು.

ನವೆಂಬರ್ 14, ಶುಕ್ರವಾರ

ಬಾಯಿ ಒಣಗುತ್ತದೆ. ಜೊಲ್ಲೇ ಇಲ್ಲ. ಬರೆಯಲು ಏನೂ ಇಲ್ಲ.

ನವೆಂಬರ್ 19, ಬುಧವಾರ

ಹೆಂಗಸರ ಡಬ್ಬಿಯಲ್ಲಿ ಶಾಲನಳಿಗೆ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಕುಸುಮ್‌ತಾಯಿ ಅಂತ, ಯಾವುದೋ ಸರ್ಕಾರಿ ಕಚೇರಿಯಲ್ಲಿ ಕೆಲಸ, ಮನೆ ಬದ್ಲಾಪುರ. ಸಂಜೆಯ ಗಾಡಿಯಲ್ಲಿ ಕೂತು ರಾತ್ರಿಯ ಅಡುಗೆಗೆ ಬಟಾಣಿ ಸುಲಿಯುತ್ತಾಳಂತೆ. ಎದುರಿಗೆ ಕೂತವರೂ ನಿಂತವರೂ ಒಂದೊಂದು ಹಿಡಿ ತೆಗೆದುಕೊಂಡು ಸುಲಿದುಕೊಡುತ್ತಾರಂತೆ. ಶಾಲನಳೂ ಸುಲಿದಳಂತೆ. ಯಾರ ಸೊಸೆ ಹೇಗೆ, ಯಾರ ಗಂಡನಿಗೆ ಗಿರಣಿ ಮುಚ್ಚಿ ಕೆಲಸ ಹೋಯಿತು, ಯಾರು ಮುಂಬ್ರಾದಲ್ಲಿ ಹತ್ತಿ ಎಲ್ಲರಿಗೂ ಲಡ್ಡು ಹಂಚಿದರು, ಊಟ ಬಡಿಸುತ್ತಾ ಎಲ್ಲ ಹೇಳುತ್ತಾಳೆ.

ಊರಿನಲ್ಲಿ ನಾನು ಡ್ಯೂಟಿ ಮುಗಿಸಿ ಬಂದು ಹೇಳುತ್ತಿದ್ದೆ, ಅವಳು ಬಡಿಸುತ್ತಾ ಹೂಂಗುಟ್ಟುತ್ತಿದ್ದಳು. ಈಗ ನಾನು ಹೂಂ ಅನ್ನುವ ಹಾಗೂ ಇಲ್ಲ. ನನ್ನ ಡಬ್ಬಿಯಲ್ಲಿ ಭಜನೆ ಮಾಡುವವರು ಇದ್ದಾರೆ, ಇಸ್ಪೀಟು ಆಡುವವರಿದ್ದಾರೆ. ಅವರ ಹತ್ತಿರ ಹೋಗಿ ನಾನು ಏನು ಮಾಡಲಿ? ಮಾತಿಲ್ಲದ ಮನುಷ್ಯನನ್ನು ಜನ ಕಂಬ ಅಂದುಕೊಂಡು ಒರಗುತ್ತಾರೆ.

ಇಷ್ಟು ಮಾತು ಒಳ್ಳೆಯದಲ್ಲ, ಊರಿಗೆ ಹೊಸಬಳು ನೀನು, ನಮ್ಮ ವಿಷಯ ಎಲ್ಲ ಹೇಳಬೇಡ ಎಂದು ಬರೆದು ತೋರಿಸಿದೆ. ಆಯ್ತ್ರಿ ಎಂದಳು.

ನವೆಂಬರ್ 24, ಸೋಮವಾರ

ನುಂಗುವುದು ಕಷ್ಟವಾಗಿದೆ. ಗಂಜಿ, ಹಾಲು, ತಣ್ಣಗಿನ ಹಾಲು, ಮತ್ತೆ ಗಂಜಿ. ಕತ್ತಿನ ಚರ್ಮ ಕಪ್ಪಾಗಿದೆ.

ಕುಸುಮ್‌ತಾಯಿ ಹೇಳಿದಳಂತೆ, ಡೊಂಬಿವಲಿಯಿಂದಲೇ ಹೊರಡುವ ನಿಧಾನದ ಗಾಡಿ ಇರುತ್ತದೆ, ಖಾಲಿ ಬರುತ್ತದೆ, ನೇರ ಪರೇಲಿನಲ್ಲೇ ಇಳಿಯಬಹುದು, ದಾದರಿನಲ್ಲಿ ಬದಲಿಸುವ ತಾಪತ್ರಯವೇ ಇಲ್ಲ. ಇದನ್ನು ಸಂಪತ್ ಮೊದಲೇ ಹೇಳಬಾರದಿತ್ತೇ? ಅವನು ಹೇಳಿದ್ದೆ ಅನ್ನುತ್ತಾನೆ, ನೀವು ಕೈ ಅಡ್ಡ ಹಿಡಿದಿರಿ ಕಾಕಾ ಅನ್ನುತ್ತಾನೆ.

ಇವತ್ತು ಆ ಗಾಡಿಯಲ್ಲಿ ಹೋದೆವು. ಆದರೂ ನಾನು ಹತ್ತುವಷ್ಟರಲ್ಲಿ ಸೀಟುಗಳೆಲ್ಲ ತುಂಬಿದವು. ಕಿಟಕಿ ಪಕ್ಕದಲ್ಲಿದ್ದ ಯುವಕನೊಬ್ಬ ಪೇಪರ್ ಓದುತ್ತಿದ್ದವನು ತಲೆಯೆತ್ತಿದ. ನನ್ನ ಕತ್ತಿನ ಮೇಲಿನ ನೇರಳೆ ಗೆರೆ ನೋಡಿದ. ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ನಾನು ಕೂರಲಿಲ್ಲ. ನನಗೇನಾಗಿದೆ? ಎರಡು ನಿಲ್ದಾಣ ದಾಟುವವರೆಗೂ ಆ ಕಿಟಕಿಯ ಸೀಟು ಹಾಗೇ ಖಾಲಿ ಇತ್ತು. ಅಷ್ಟು ಜನ ನಿಂತಿದ್ದರು, ಒಬ್ಬರೂ ಕೂರಲಿಲ್ಲ. ಕೊನೆಗೆ ಪಕ್ಕದಲ್ಲಿದ್ದವರೊಬ್ಬರು, "ಕಾಕಾ, ನೀವು ಕುಂದ್ರೂತನಕ ಅದು ಹಿಂಗ ಇರತೈತಿ. ಕುಂದರ್ರಿ," ಎಂದರು.

ಕೂತೆ. ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು.

ಡಿಸೆಂಬರ್ 1, ಸೋಮವಾರ

ಇವತ್ತು ಯಂತ್ರದ ಕೋಣೆಯ ಹೊರಗೆ ಕೂತಿದ್ದಾಗ, ನನಗಿಂತ ಒಂದು ವಾರ ಮೊದಲು ಶುರು ಮಾಡಿದ್ದ ಮನುಷ್ಯ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ನೀರು ಕುಡಿದರೂ ಗಾಜಿನ ಚೂರು ಇಳಿದ ಹಾಗೆ. ಮನೆಗೆ ಬಂದು ಸ್ಲೇಟಿನ ಮೇಲೆ ಬರೆದೆ: ಸಾಕು. ಊರಿಗೆ ಹೋಗೋಣ. ಏನಾಗುವುದೋ ಅಲ್ಲೇ ಆಗಲಿ.

ಶಾಲನ್ ಒಂದೊಂದೇ ಅಕ್ಷರ ಓದಿದಳು. ಮತ್ತೊಮ್ಮೆ ಓದಿದಳು. ಸೆರಗಿನಿಂದ ಸ್ಲೇಟು ಒರೆಸಿ ಗೋಡೆಗೆ ಒರಗಿಸಿಟ್ಟಳು. ಅಡುಗೆಮನೆಗೆ ಹೋಗಿ ವೈಜಯಂತಾಳ ಜೊತೆ ಅಕ್ಕಿ ಆರಿಸುತ್ತಾ ಕೂತಳು. ಎಷ್ಟೋ ಹೊತ್ತು ಆ ಒಂದು ಮೊರ ಅಕ್ಕಿಯನ್ನೇ ಆರಿಸಿದಳು.

ಡಿಸೆಂಬರ್ 2, ಮಂಗಳವಾರ

ಬೆಳಗ್ಗೆ ನಾನು ಮಲಗಿಯೇ ಇದ್ದೆ. ಅವಳು ಸೀರೆ ಉಟ್ಟು, ತಲೆ ಬಾಚಿ, ಆಸ್ಪತ್ರೆಯ ಕಾಗದದ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಗಾಡಿ ಬರೂ ಹೊತ್ತಾತು," ಎಂದಳು.

ನಾನು ಅಲುಗಾಡಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೇ ಬಿಟ್ಟಳು. ಇದೇನಿದು, ರೋಗಿಯನ್ನು ಬಿಟ್ಟು ಇವಳೊಬ್ಬಳೇ ಆಸ್ಪತ್ರೆಗೆ ಹೋಗಿ ಏನು ಮಾಡುತ್ತಾಳೆ? ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಾನೂ ಇಳಿದೆ. ಅವಳು ಹಾಲಿನ ಬೂತಿನ ಹತ್ತಿರ ನಿಂತಿದ್ದಳು. ತಿರುಗಿ ನೋಡಲಿಲ್ಲ. ನನ್ನ ಹೆಜ್ಜೆ ಸದ್ದು ಕೇಳಿದ ಮೇಲೆ ನಡೆಯಲು ಶುರು ಮಾಡಿದಳು.

ಡಿಸೆಂಬರ್ 5, ಶುಕ್ರವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ಕುಸುಮ್‌ತಾಯಿ ಗಂಟಲಿಗೆ ಜೇಷ್ಠಮಧು ಚೀಪಿಸಿರಿ ಎಂದಿದ್ದಳಂತೆ. ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಅಡ್ಡಿಯಿಲ್ಲ ಎಂದರು. ದಾದರಿನ ಪಶ್ಚಿಮಕ್ಕೆ, ಹೂವಿನ ಮಾರ್ಕೆಟ್ಟಿನ ಹಿಂದೆ, ಬೇರು ನಾರು ಮಾರುವ ಹಳೆಯ ಅಂಗಡಿಯಿದೆ. ಮಧ್ಯಾಹ್ನ ವಾಪಸು ಬರುವಾಗ ಅದಕ್ಕೆಂದು ದಾದರಿನಲ್ಲಿ ಇಳಿದೆವು.

ನಾಳೆ ಆರನೇ ತಾರೀಕು ಎನ್ನುವುದು ನೆನಪೇ ಇರಲಿಲ್ಲ. ಬಾಬಾಸಾಹೇಬರ ಪುಣ್ಯತಿಥಿ, ಅವರ ಸಮಾಧಿಯಿರುವ ಚೈತ್ಯಭೂಮಿಗೆ ಬರುವ ಜನ. ವಿದರ್ಭ, ಮರಾಠವಾಡಾ, ಎಲ್ಲೆಲ್ಲಿಂದಲೋ. ಬಿಳಿ ಸೀರೆ, ಬಿಳಿ ಅಂಗಿ, ನೀಲಿ ಬಾವುಟ, ತಲೆಯ ಮೇಲೆ ಗಂಟು. ನನ್ನ ಬಸ್ಸಿನಲ್ಲೂ ಪ್ರತಿ ವರ್ಷ ಈ ವಾರ ಇವರು ಇರುತ್ತಿದ್ದರು, ಕರಾಡ ಸ್ಟೇಷನ್ನಿಗೆ ಬಿಡುತ್ತಿದ್ದೆ. ಅಲ್ಲಿಂದ ಆಚೆ ಇವರು ಎಲ್ಲಿ ಇಳಿಯುತ್ತಾರೆ, ಎಷ್ಟು ಜನ ಆಗುತ್ತಾರೆ ಎನ್ನುವುದು ಇವತ್ತು ಕಣ್ಣಿಗೆ ಬಿತ್ತು.

ಮೇಲ್ಸೇತುವೆ ಹತ್ತಿದಾಗ ಶಾಲನ್ ನನ್ನ ಅಂಗಿಯ ಚುಂಗು ಹಿಡಿದಿದ್ದಳು. ಎದುರಿನಿಂದ ಒಂದು ಊರಿನವರೆಲ್ಲ ಕಳೆದುಹೋಗದಂತೆ ಉದ್ದದ ಹಗ್ಗ ಹಿಡಿದುಕೊಂಡು ಬರುತ್ತಿದ್ದರು. ಆ ಹಗ್ಗ ನಮ್ಮಿಬ್ಬರ ಮಧ್ಯೆ ಬಂತು. ಅಂಗಿ ಬಿಟ್ಟಿತು. ನಾನು ಕಂಬಿಯ ಕಡೆಗೆ ಒತ್ತಲ್ಪಟ್ಟೆ. ಅವಳ ಹಸಿರು ಸೀರೆ ಒಂದೆರಡು ತಲೆಗಳಾಚೆ ಕಂಡಿತು, ಆಮೇಲೆ ಇನ್ನೂ ಆಚೆ, ಆಮೇಲೆ ಇಲ್ಲ.

ಬಾಯಿ ತೆರೆದೆ. ಡಾಕ್ಟರು ಹೇಳಿದ್ದೆಲ್ಲ ಆ ಹೊತ್ತಿಗೆ ನೆನಪಿರಲಿಲ್ಲ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಎಳೆದು ಕೂಗಿದೆ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಏನೋ ಹೋಯಿತು. ಪಕ್ಕದಲ್ಲಿದ್ದವನೂ ತಿರುಗಿ ನೋಡಲಿಲ್ಲ. ಕರಾಡ ಸ್ಟ್ಯಾಂಡಿನಲ್ಲಿ ನಿಂತು ಚಿಪಳೂಣ್ ಚಿಪಳೂಣ್ ಎಂದರೆ ತರಕಾರಿ ಪೇಟೆಯಲ್ಲಿದ್ದವರು ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು.

ನನಗೆ ನನ್ನ ಚಿಂತೆ ಇರಲಿಲ್ಲ. ಅವಳು ಕೆಳಗೆ ಬಿದ್ದರೆ ಎಂದಷ್ಟೇ. ತುಳಿಯಲು ಇಷ್ಟು ಕಾಲು. ಮೆಟ್ಟಿಲ ಕಡೆ ಹೋಗಲು ನೋಡಿದೆ, ಆಗಲಿಲ್ಲ. ಕಂಬಿ ಹಿಡಿದು ಕುಸಿದೆ. ಅಲ್ಲೇ ಮೂಲೆಯಲ್ಲಿ ಮುದುಕಿಯೊಬ್ಬಳು ತನ್ನ ಗಂಟಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಬಿಳಿ ಸೀರೆ, ಹಣೆ ಖಾಲಿ. ಸರಿದು ಜಾಗ ಕೊಟ್ಟಳು.

"ಯಾರನ್ನ ಕಳಕೊಂಡ್ರಿ?" ಎಂದು ಕೇಳಿದಳು.

ನಾನು ಕೈಯಿಂದ ಸೆರಗು, ಕುಂಕುಮ, ಬಳೆ ಎಂದು ತೋರಿಸಿದೆ. ಗಂಟಲು ತೋರಿಸಿದೆ. ಅವಳು ನನ್ನ ಕತ್ತಿನ ಗೆರೆಗಳನ್ನು ನೋಡಿ ತನ್ನ ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟಳು. ತಾನು ಪರಭಣಿಯವಳು, ಪ್ರತಿ ವರ್ಷ ಬರುವವಳು, ಹೋದ ವರ್ಷ ತನ್ನ ತಂಗಿ ಹೀಗೇ ತಪ್ಪಿಸಿಕೊಂಡು ಸಂಜೆಗೆ ಸಿಕ್ಕಳು ಎಂದು ಹೇಳಿದಳು. ಕೆಳಗೆ ಸೇವಾದಳದ ಹುಡುಗರ ಮಂಟಪವಿದೆ, ಮೈಕಿನಲ್ಲಿ ಕೂಗುತ್ತಾರೆ. "ಅಲ್ಲಿ ಹೋಗಿ ಹೇಳಿದ್ರ ಸಿಗ್ತಾರ. ಆದ್ರ ನಿಮಗ ಹೇಳಾಕ ಬರೂದಿಲ್ಲಲಾ ತಮ್ಮಾ," ಎಂದು ಮರುಗಿದಳು. ಜನ ತುಸು ಕಡಿಮೆಯಾಗಲಿ, ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳೇ ಕೋಲು ಊರಿ ನಡೆಯುವವಳು.

ಮೈಕು ಕೂಗುತ್ತಲೇ ಇತ್ತು. ನಾಂದೇಡದವರು, ಅಕೋಲಾದವರು, ಯಾರ ಅಜ್ಜ, ಯಾರ ಸೊಸೆ. ಒಮ್ಮೆ ಮಧ್ಯದಲ್ಲಿ ಗರಗರ ಸದ್ದಾಗಿ ನಿಂತಿತು. ಆಮೇಲೆ ಒಂದು ಹೆಂಗಸಿನ ಧ್ವನಿ ಬಂತು.

"ನಿವೃತ್ತಿ ಗಣಪತ್ ಜಗದಾಳೆ."

ನಾನು ಸುತ್ತ ನೋಡಿದೆ. ಬೇರೆ ಯಾರನ್ನೋ ಕರೆದ ಹಾಗೆ.

"ನಿವೃತ್ತಿ ಗಣಪತ್ ಜಗದಾಳೆ. ಪಾಟಣದವರು. ಗಂಟಲಿಗೆ ಔಷಧ ನಡದೈತಿ, ಮಾತಾಡಾಕ ಬರೂದಿಲ್ಲ. ಯಾರರ ಕಂಡ್ರ ಒಂದ್ಕಡೆ ಕುಂದ್ರಸ್ರಿ, ನೀರು ಕೊಡ್ರಿ." ಒಂದು ಕ್ಷಣ ನಿಲ್ಲಿಸಿದಳು. "ನಿವೃತ್ತಿ ಜಗದಾಳೆ, ನಿಮಗ ಕೇಳಸಾಕತ್ತೈತಿ ಅಂತ ನನಗ ಗೊತ್ತೈತಿ. ಕೂಗಾಕ ಹೋಗಬ್ಯಾಡ್ರಿ. ಕೆಳಗ ಇಳೀಬ್ಯಾಡ್ರಿ. ಹೂವಿನ ಮಾರ್ಕೆಟ್ ಕಡೆ ಮೆಟ್ಟಲದ ಮ್ಯಾಲ ನಿಂದರ್ರಿ. ನಾ ಬರ್ತೀನಿ."

ಮದುವೆಯ ದಿನ ಒಗಟಿನಲ್ಲಿ ಸೇರಿಸಿ ಗಂಡನ ಹೆಸರು ಹೇಳಬೇಕಲ್ಲ, ಆಗ ತಲೆ ಬಗ್ಗಿಸಿ ಹೇಳಿದ್ದಳಂತೆ. ಡೋಲಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಆಮೇಲೆ ಇಷ್ಟು ವರ್ಷ ರೀ, ಇವರು, ನಮ್ಮ ಕಂಡಕ್ಟರು. ನನ್ನ ಹೆಸರು ಅವಳ ಬಾಯಿಂದ ನಾನು ಕೇಳಿದ್ದು ಇವತ್ತೇ ಮೊದಲು, ಅದೂ ದಾದರಿನ ಅಷ್ಟೂ ಜನರ ಜೊತೆ.

ಮುದುಕಿ ನನ್ನ ಮುಖ ನೋಡುತ್ತಿದ್ದಳು. "ನಿಂದ ಏನು ಈ ಹೆಸರು?" ಎಂದಳು. ತಲೆಯಾಡಿಸಿದೆ. ಅವಳು ಕೋಲೆತ್ತಿ ಎದುರಿಗಿದ್ದವನ ಬೆನ್ನಿಗೆ ಮುಟ್ಟಿಸಿ, ಜಗದಾಳೆ ಇಲ್ಲಿದ್ದಾರೆ, ದಾರಿ ಬಿಡಿ ಎಂದಳು. ಅವನು ಮುಂದಿನವನಿಗೆ ಹೇಳಿದ. ಜಗದಾಳೆ ಬಂದ್ರು, ಜಗದಾಳೆ ಬಂದ್ರು ಎನ್ನುತ್ತಾ ಒಬ್ಬರ ಕೈಯಿಂದ ಇನ್ನೊಬ್ಬರು ನನ್ನ ತೋಳು ಹಿಡಿದು ದಾಟಿಸಿದರು. ಯಾರೋ ನನ್ನ ಚೀಲ ಎತ್ತಿಕೊಂಡರು. ಮೆಟ್ಟಿಲ ತುದಿಗೆ ಬಂದಾಗ ಚೀಲ ನನ್ನ ಕೈಗೇ ಬಂತು.

ಅವಳು ಹತ್ತಿ ಬಂದಳು. ಇಳಿಯುವ ಜನರನ್ನು ಎರಡೂ ಕೈಯಿಂದ ಸರಿಸುತ್ತಾ, ಬಾಜೂ ಸರೀರಿ ಬಾಜೂ ಸರೀರಿ ಎನ್ನುತ್ತಾ. ನನ್ನೆದುರು ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀರು ಕುಡದ್ರೇನು?" ಎಂದಳು.

ಹೌದೆಂದು ತಲೆಯಾಡಿಸಿದೆ. ಬಿಚ್ಚಿಹೋಗಿದ್ದ ನನ್ನ ಕಾಲರಿನ ಗುಂಡಿ ಹಾಕಲು ಹೋದಳು, ಅದು ಕೂರಲಿಲ್ಲ. ಹಾಗೇ ಬಿಟ್ಟಳು. ಜೇಷ್ಠಮಧು ತಂದೆವು.

ಆಮೇಲೆ ಹೇಳಿದಳು. ಮಂಟಪದ ಹುಡುಗ ಗಂಡನ ಹೆಸರೇನು ಎಂದು ಕೇಳಿದನಂತೆ. ಕಂಡಕ್ಟರು ಎಂದಳಂತೆ. ಅಕ್ಕಾ, ಇಲ್ಲಿ ನೂರು ಜನ ಕಂಡಕ್ಟರು ಇರ್ತಾರೆ ಎಂದನಂತೆ. ಸ್ಲೇಟು ನನ್ನ ಚೀಲದಲ್ಲೇ ಇತ್ತು, ಇಲ್ಲದಿದ್ದರೆ ಬರೆದು ತೋರಿಸುತ್ತಿದ್ದಳಂತೆ. ಹಿಂದೆ ಜನ ಕಾಯುತ್ತಿದ್ದರು. ಇಲ್ಲಿ ಕೊಡು ಎಂದು ಮೈಕು ತಾನೇ ತೆಗೆದುಕೊಂಡಳಂತೆ.

ಡಿಸೆಂಬರ್ 7, ಭಾನುವಾರ

ಸಂಪತ್, ವೈಜಯಂತಾ ಇಬ್ಬರಿಗೂ ವಿಷಯ ಗೊತ್ತಾಗಿದೆ. ಕಾಕೂ ಹೆಸರು ಹಿಡಿದಳಂತೆ, ಮೈಕಿನಲ್ಲಂತೆ ಎಂದು ವೈಜಯಂತಾ ನಿನ್ನೆಯಿಂದ ನಗುತ್ತಿದ್ದಾಳೆ. ಇನ್ನೊಮ್ಮೆ ಹೇಳಿ ಎಂದು ಗಂಟುಬಿದ್ದಳು. ಶಾಲನ್ ಭಾಕರಿ ತಟ್ಟುತ್ತಾ, "ಹೆಸರೇನು ಸವದು ಹೋತೇನು? ನಿನಗ ಕೆಲಸಿಲ್ಲೇನು?" ಎಂದಳು. ಕಿವಿ ಕೆಂಪಾಗಿತ್ತು.

ಇವತ್ತು ತುಪ್ಪ ಹಾಕಿದ ಮೆತ್ತನ್ನ ಅನ್ನ ಎರಡು ತುತ್ತು ಹೆಚ್ಚು ಇಳಿಯಿತು.

ಡಿಸೆಂಬರ್ 15, ಸೋಮವಾರ

ಕುಸುಮ್‌ತಾಯಿಗೆ ಹುಷಾರಿಲ್ಲವಂತೆ, ಮೂರು ದಿನದಿಂದ ಗಾಡಿಗೆ ಬಂದಿಲ್ಲ. ಏನಾಯಿತೋ. ಶಾಲನ್ ಹೇಳುವುದು ಮರೆತಳು, ಊಟದ ಹೊತ್ತಿಗೆ ನಾನೇ ಸ್ಲೇಟಿನಲ್ಲಿ ಬರೆದು ಕೇಳಬೇಕಾಯಿತು. ಆ ಡಬ್ಬಿಯ ಇನ್ನೊಬ್ಬಳ, ಗಿರಣಿ ಮುಚ್ಚಿ ಕೆಲಸ ಹೋಗಿದ್ದ ಗಂಡನಿಗೆ ಎಲ್ಲೋ ಕಾವಲುಗಾರನ ಕೆಲಸ ಸಿಕ್ಕಿದೆಯಂತೆ. ಒಳ್ಳೆಯದಾಯಿತು.

ಬೀಡ್ ಕಡೆಯ ರೈತನೊಬ್ಬ ಪರೇಲ್ ಸ್ಟೇಷನ್ನಿನ ಹೊರಗೆ ನನ್ನ ಹತ್ತಿರ ಬಂದು ಆಸ್ಪತ್ರೆಯ ದಾರಿ ಕೇಳಿದ. ಶಾಲನಳ ಕಡೆ ಕೈ ತೋರಿಸಿದೆ.

ಡಿಸೆಂಬರ್ 19, ಶುಕ್ರವಾರ

ಮುಗಿಯಿತು. ಆರು ವಾರ ಆದ ಮೇಲೆ ಬಂದು ತೋರಿಸಬೇಕು. ಅಲ್ಲಿಯವರೆಗೂ ಮಾತು ಕೂಡದು. ಗಂಟು ಹೋಗಿದೆಯೋ ಇಲ್ಲವೋ ಆಗಲೇ ಹೇಳುತ್ತಾರಂತೆ. ಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು.

ನಾಳೆ ಊರಿಗೆ.

1998 ಜನವರಿ 30, ಶುಕ್ರವಾರ. ಡೊಂಬಿವಲಿ

ಸಂಪತ್ ಸ್ಟ್ಯಾಂಡಿಗೆ ಬಂದು ಕರೆದೊಯ್ಯುತ್ತೇನೆ ಎಂದು ಕಾಗದ ಬರೆದಿದ್ದ. ಬೇಡ ಎಂದು ಶಾಲನ್ ನನ್ನ ಕೈಯಲ್ಲಿ ಉತ್ತರ ಬರೆಸಿದ್ದಳು. ನಿನ್ನೆ ನಾವೇ ಬಂದೆವು.

ಇವತ್ತು ಆಸ್ಪತ್ರೆಯಲ್ಲಿ ಬಹಳ ಹೊತ್ತು ಕಾಯಿಸಿದರು. ಡಾಕ್ಟರು ನಾಲಿಗೆ ಹಿಡಿದು ಎಳೆದು, ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದರು. ಅವರೂ ನೋಡಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನೇ ನೋಡುತ್ತಿದ್ದೆ. ಗಂಟು ಕಾಣಿಸುತ್ತಿಲ್ಲ ಎಂದರು. ಎರಡೆರಡು ತಿಂಗಳಿಗೆ ಬರುತ್ತಿರಬೇಕು, ಮುಂದಿನದನ್ನು ಈಗಲೇ ಹೇಳಲಾಗದು, ಆದರೆ ಈ ಹೊತ್ತಿಗೆ ಇಲ್ಲ. ಇನ್ನು ಸ್ವಲ್ಪ ಸ್ವಲ್ಪ ಮಾತಾಡಬಹುದು, ಮೊದಲಿನ ಧ್ವನಿ ಮಾತ್ರ ಬರಲಾರದು. ಶಾಲನ್ ಇನ್ನೊಮ್ಮೆ ಹೇಳಿರಿ ಎಂದಳು. ಹೇಳಿದರು. ಮತ್ತೊಮ್ಮೆ ಎಂದಳು. ಮತ್ತೊಮ್ಮೆಯೂ ಹೇಳಿದರು.

ಹೊರಗೆ ಬಂದು ಅವಳು ಜೋರಾಗಿ ನಡೆದಳು. ಸ್ಟೇಷನ್ನಿನ ಮೆಟ್ಟಿಲ ಮೇಲೆ ಮೂಗು ಒರೆಸಿಕೊಳ್ಳುವುದು ಕಂಡಿತು. ಪ್ಲಾಟ್‌ಫಾರ್ಮಿಗೆ ಇಳಿಯುವಾಗಲೇ ಗಾಡಿ ಬಂದು ನಿಂತಿತು. ಮಧ್ಯಾಹ್ನದ ಹೊತ್ತು, ಎದುರಿಗೆ ಸಿಕ್ಕ ಡಬ್ಬಿ ಮುಕ್ಕಾಲು ಖಾಲಿ, ಹೆಂಗಸರದು ಗಂಡಸರದು ಎಂದು ನೋಡದೆ ನನ್ನ ಕೈ ಹಿಡಿದು ಹತ್ತಿಸಿದಳು. ಕಿಟಕಿಯ ಹತ್ತಿರ ಕೂತು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು.

ಗಾಡಿ ಆ ಕಡೆಯ ಕೊನೆಯ ನಿಲ್ದಾಣ ವೀಟಿಗೆ ಹೋಗುವುದು. ಮನೆಯ ದಿಕ್ಕಿಗೆ ಬೆನ್ನು ಮಾಡಿ. ಫಲಕದ ಮೇಲೆ ಸರಿಯಾಗಿಯೇ ಬರೆದಿತ್ತು, ನಾನು ಹತ್ತುವಾಗ ನೋಡಿದ್ದೆ. ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ಬಂತು. ಕರಿ ರೋಡ್ ಬರುವ ಮುಂಚೆಯೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

ಚಿಂಚ್‌ಪೋಕಳಿ, ಭಾಯ್‌ಖಳಾ. ನಾನು ಒಂದೊಂದೇ ಹೆಸರು ಓದಿದೆ. ಗಿರಣಿಗಳ ಹೊಗೆಯಿಲ್ಲದ ಚಿಮಣಿಗಳು, ಚಾಳುಗಳ ಮೇಲೆ ಒಣಹಾಕಿದ ಬಟ್ಟೆ, ಹಳಿಯ ಪಕ್ಕದಲ್ಲಿ ಯಾರೋ ಬೆಳೆದ ಪಾಲಕ್ ಮಡಿ. ನಾನು ಅಲುಗಾಡಲಿಲ್ಲ. ಮಸ್ಜಿದ್ ದಾಟುವಾಗ ಕೈ ಜೋಮು ಹಿಡಿದಿತ್ತು.

ವೀಟಿಯಲ್ಲಿ ಎಲ್ಲರೂ ಇಳಿದರು. ಆ ಸದ್ದಿಗೆ ಅವಳು ಎದ್ದು ಕಿಟಕಿಯ ಹೊರಗೆ ನೋಡಿದಳು. ಅಷ್ಟೆತ್ತರದ ಮಾಡು ನೋಡಿ ಗಾಬರಿಯಾದಳು. ಅಯ್ಯ, ಇದು ಯಾವ ಊರು, ನಾನು ತಪ್ಪು ಗಾಡಿ ಹತ್ತಿಸಿದೆ ಎಂದು ಚೀಲ ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು," ಎಂದೆ.

ಹರಿದ ತಮಟೆಯ ಸದ್ದು. ನನ್ನದೆಂದು ನನಗೇ ಗುರುತು ಹತ್ತಲಿಲ್ಲ. ಅವಳು ಚೀಲ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಆಮೇಲೆ ಕೇಳಿದಳು:

"ಮತ್ತ ಯಾಕ ಹೇಳಲಿಲ್ಲ?"

"ನಿನ್ನ ಬಾಜೂಕ ನಾ ಕುಂತಿದ್ನಲ್ಲ."

ಅವಳು ಮುಖ ಆ ಕಡೆ ಮಾಡಿದಳು. ಕೆಳಗೆ ಜನ ಆಗಲೇ ಹತ್ತಲು ಶುರು ಮಾಡಿದ್ದರು. ಒಬ್ಬ ಹೆಂಗಸನ್ನು ಈ ಗಾಡಿ ಇನ್ನು ಎಲ್ಲಿಗೆ ಎಂದು ಕೇಳಿದಳು. ಕಲ್ಯಾಣ ಎಂದರು.

"ಇದ ತಿರಗಿ ಹೋಗತೈತಂತ. ಏಳಬ್ಯಾಡ್ರಿ," ಎಂದು ನನಗೆ ಹೇಳಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ನನ್ನ ಪಕ್ಕದಲ್ಲೇ ಕೂತಳು. ಜನ ತುಂಬಿದರು. ಮೂವರ ಸೀಟಿಗೆ ನಾಲ್ಕನೆಯವರೊಬ್ಬರು ಬಂದಾಗ ಇಬ್ಬರೂ ಒತ್ತರಿಸಿಕೊಂಡು ಜಾಗ ಮಾಡಿದೆವು. ಗಾಡಿ ಹೊರಟಿತು.